ಮೆಟರ್ನಿಟಿ ಫೋಟೋಶೂಟ್‌ಗೆ ತಯಾರಿ: ಮೊದಲು ವಾರ, ಆಮೇಲೆ ಜಾಗ, ಗೌನ್ ಕೊನೆಗೆ

ಬಸುರಿ ಫೋಟೋ ಚೆನ್ನಾಗಿ ಬರಲಿಲ್ಲ ಅನ್ನುವವರಲ್ಲಿ ಹೆಚ್ಚಿನವರ ಕತೆ ಒಂದೇ ಥರ ಇರುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಗೌನ್ ಕಣ್ಣಿಗೆ ಬಿತ್ತು, ಆ ಗೌನ್‌ಗೆ ತಕ್ಕ ಹಾಗೆ ಒಂದು ಜಾಗ ಹುಡುಕಿದರು, ಆಮೇಲೆ ಫೋಟೋಗ್ರಾಫರ್, ಎಲ್ಲಾ ಮುಗಿದ ಮೇಲೆ ದಿನ. ಅಷ್ಟರಲ್ಲಿ 36 ವಾರ ಆಗಿತ್ತು. ಕಾಲು ಊದಿ ಚಪ್ಪಲಿ ಹತ್ತುತ್ತಿರಲಿಲ್ಲ, ಹೋದ ಜಾಗದಲ್ಲಿ ಟಾಯ್ಲೆಟ್ ಇರಲಿಲ್ಲ. ಮುಖದಲ್ಲಿ ಸುಸ್ತು ಎದ್ದು ಕಾಣುತ್ತಿತ್ತು.

ಕ್ಯಾಮೆರಾ ಎಷ್ಟೇ ದುಬಾರಿ ಇರಲಿ, ಆ ಸುಸ್ತು ಮುಚ್ಚುವುದಿಲ್ಲ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಒಂದೊಂದು ಹಂತವೂ ಹಿಂದಿನದ್ದನ್ನು ಕೆಡಿಸುತ್ತಾ ಹೋಗುತ್ತದೆ.

## ಹಂತ 1: ವಾರ ಗೊತ್ತು ಮಾಡಿಕೊಳ್ಳಿ

ಎಣಿಕೆ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮನೆಯಲ್ಲಿ "ಏಳು ತಿಂಗಳು" ಅಂದರೆ ಏಳರಲ್ಲಿದ್ದಾಳೋ, ಏಳು ತುಂಬಿದೆಯೋ ಅನ್ನುವುದೇ ಗೊಂದಲ. ಇದರಲ್ಲಿ ಒಂದು ತಿಂಗಳು ಹೆಚ್ಚುಕಡಿಮೆ ಆಗಿಬಿಡುತ್ತದೆ. ಹಾಗಾಗಿ ತಿಂಗಳ ಲೆಕ್ಕ ಬಿಡಿ, ಸ್ಕ್ಯಾನಿಂಗ್ ರಿಪೋರ್ಟಿನಲ್ಲಿರುವ ವಾರದ ಲೆಕ್ಕ ಹಿಡಿಯಿರಿ. ಫೋಟೋಗ್ರಾಫರ್‌ಗೂ ಅದನ್ನೇ ಹೇಳಿ.

ಒಂದೇ ಮಗು ಇದ್ದರೆ 28ರಿಂದ 34 ವಾರದ ನಡುವೆ ಒಳ್ಳೆಯದು. ನನ್ನನ್ನು ಕೇಳಿದರೆ 30 ಅಥವಾ 31. 28ಕ್ಕಿಂತ ಮೊದಲು, ಅದರಲ್ಲೂ ಚೊಚ್ಚಲ ಬಸುರಿಯಲ್ಲಿ, ಸೀರೆ ಉಟ್ಟರೆ ಹೊಟ್ಟೆ ಅಷ್ಟಾಗಿ ಕಾಣುವುದಿಲ್ಲ. 35 ದಾಟಿದ ಮೇಲೆ ಉಸಿರು ಬೇಗ ಕಟ್ಟುತ್ತದೆ, ಅರ್ಧ ಗಂಟೆಗೊಮ್ಮೆ ಬಾತ್‌ರೂಮ್ ಬೇಕಾಗುತ್ತದೆ, ಹೆರಿಗೆ ಬೇಗ ಆದರೂ ಆಗಬಹುದು. ಅವಳಿ ಮಕ್ಕಳಾದರೆ 24ರಿಂದ 28 ವಾರದೊಳಗೆ ಮುಗಿಸಿಬಿಡಿ.

ನಮ್ಮಲ್ಲಿ ಇನ್ನೊಂದು ಲೆಕ್ಕ ಇದೆ, ತವರಿಗೆ ಹೋಗುವ ದಿನ. ಸೀಮಂತ ಮುಗಿಸಿ ಹಾಸನಕ್ಕೋ ಹುಬ್ಬಳ್ಳಿಗೋ ಹೋಗುವವರು ಶೂಟ್ ಎಲ್ಲಿ ಅನ್ನುವುದನ್ನು ಈಗಲೇ ತೀರ್ಮಾನಿಸಬೇಕು. ಗಂಡ ಬೆಂಗಳೂರಲ್ಲೇ ಉಳಿಯುತ್ತಾನಾ, ತವರೂರಿನಲ್ಲಿ ನಿಮಗೆ ಇಷ್ಟವಾಗುವ ಫೋಟೋಗ್ರಾಫರ್ ಇದ್ದಾರಾ? ವಿಮಾನದಲ್ಲಿ ಹೋಗುವುದಿದ್ದರೆ ಕಂಪನಿಯ ನಿಯಮ ಮೊದಲೇ ಓದಿ, ಏಳೆಂಟು ತಿಂಗಳು ದಾಟಿದವರ ಹತ್ತಿರ ಡಾಕ್ಟರ್ ಪತ್ರ ಕೇಳುತ್ತಾರೆ.

ಇನ್ನು ಸೀಮಂತದ ದಿನವೇ ಶೂಟ್ ಇಟ್ಟುಕೊಳ್ಳುವುದು. ಬಹಳ ಜನ ಮಾಡುತ್ತಾರೆ, ಬಹಳ ಜನ ಬೇಜಾರೂ ಪಡುತ್ತಾರೆ. ಬೆಳಗ್ಗೆಯಿಂದ ಹೊಗೆಯ ಮುಂದೆ ಕೂತು, ಬಂದವರ ಕೈಯಲ್ಲೆಲ್ಲಾ ಆರತಿ ಎತ್ತಿಸಿಕೊಂಡು, ಹೋಳಿಗೆ ಊಟ ಮಾಡಿದ ಮೇಲೆ ಯಾರಿಗೆ ತಾನೇ ನಗು ಬರುತ್ತದೆ? ಅದೇ ದಿನವೇ ಬೇಕೆಂದರೆ ಶಾಸ್ತ್ರ ಶುರುವಾಗುವ ಮೊದಲೇ ಅರ್ಧ ಗಂಟೆ ತೆಗೆದಿಡಿ. ಇಲ್ಲದಿದ್ದರೆ ಬೇರೆ ದಿನ ನೋಡಿ.

ಒಂದು ದಿನ ನಿಶ್ಚಯವಾದ ಕೂಡಲೇ ವಾರ ಹತ್ತು ದಿನದೊಳಗೆ ಇನ್ನೊಂದು ದಿನವನ್ನೂ ಕಾಯ್ದಿರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಶೂಟ್ ಮಾಡುವವರಿಗಂತೂ ಇದು ಬೇಕೇ ಬೇಕು.

## ಹಂತ 2: ಡಾಕ್ಟರ್ ಹತ್ತಿರ ನೇರವಾಗಿ ಕೇಳಿ

"ಫೋಟೋ ತೆಗೆಸಬಹುದಾ ಡಾಕ್ಟ್ರೇ?" ಅಂತ ಕೇಳಿದರೆ "ಹೂಂ, ತೆಗೆಸಿ" ಅಂತಾರೆ, ಅಷ್ಟೇ. ಪ್ರಶ್ನೆ ಬಿಡಿಸಿ ಕೇಳಿ. ಒಂದೂವರೆ ಗಂಟೆ ನಿಂತು ಕೂತು ಮಾಡಬಹುದಾ? ಎಷ್ಟು ದೂರ ಕಾರಿನಲ್ಲಿ ಹೋಗಬಹುದು? ನೆಲದ ಮೇಲೆ ಕೂತು ಏಳಬಹುದಾ?

ರಕ್ತದೊತ್ತಡ ಜಾಸ್ತಿ ಇರುವವರು, ಮಾಸು ಕೆಳಗಿದೆ ಅಂತ ಸ್ಕ್ಯಾನಿಂಗಿನಲ್ಲಿ ಬಂದವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ರಕ್ತಸ್ರಾವ ಆಗಿದ್ದವರು ಮನೆಯಲ್ಲೇ ಶೂಟ್ ಮಾಡಿಸುವುದು ವಾಸಿ. ಅದಕ್ಕೂ ಡಾಕ್ಟರ್ ಒಪ್ಪಿಗೆ ಬೇಕು. ಬೆಡ್ ರೆಸ್ಟ್ ಹೇಳಿದ್ದರೆ ಶೂಟ್ ಮಾತೇ ಬೇಡ. ಸಕ್ಕರೆ ಅಂಶ ಜಾಸ್ತಿ ಬಂದಿದ್ದರೆ ಊಟದ ಹೊತ್ತು ತಪ್ಪದ ಹಾಗೆ ಸಮಯ ಇಟ್ಟುಕೊಳ್ಳಿ.

## ಹಂತ 3: ಅಡ್ವಾನ್ಸ್ ಕೊಡುವ ಮೊದಲು ಮನೆಯವರ ಜೊತೆ ಮಾತು

ಈ ಹಂತ ಬಿಟ್ಟವರೇ ಶೂಟ್‌ನ ಹಿಂದಿನ ದಿನ ರಾತ್ರಿ ಫೋನ್ ಮಾಡಿ ಕ್ಯಾನ್ಸಲ್ ಅನ್ನುವುದು. "ಆಷಾಢದಲ್ಲಿ ಯಾಕೆ?", "ಅವತ್ತು ಅಮಾವಾಸ್ಯೆ ಕಣೆ", "ಹೆರಿಗೆಗೆ ಮೊದಲು ಫೋಟೋ ಹಾಕಿದರೆ ದೃಷ್ಟಿ ಆಗುತ್ತೆ". ನೀವು ನಂಬುತ್ತೀರೋ ಇಲ್ಲವೋ, ಅತ್ತೆಯೋ ಅಮ್ಮನೋ ಮುಖ ಊದಿಸಿಕೊಂಡಿದ್ದರೆ ಅದು ನಿಮ್ಮ ಮುಖದಲ್ಲೂ ಬರುತ್ತದೆ. ಕ್ಯಾಲೆಂಡರ್ ಹಿಡಿದು ಅವರನ್ನೇ ದಿನ ನೋಡಲು ಕೇಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ದೃಷ್ಟಿ ವಿಷಯಕ್ಕೆ ಸುಲಭದ ದಾರಿ ಇದೆ. ಮಗು ಹುಟ್ಟುವವರೆಗೆ ಎಲ್ಲೂ ಹಾಕುವುದಿಲ್ಲ ಅಂತ ಮಾತು ಕೊಡಿ, ಅದನ್ನೇ ಫೋಟೋಗ್ರಾಫರ್ ಹತ್ತಿರ ಬರವಣಿಗೆಯಲ್ಲೂ ತಗೊಳ್ಳಿ. ಇಲ್ಲದಿದ್ದರೆ ನೀವು ಸುಮ್ನೆ ಇದ್ದರೂ ಅವರ ಪೇಜಿನಲ್ಲಿ ನಿಮ್ಮ ಫೋಟೋ ಬಂದು, ಅದು ನಿಮ್ಮ ಚಿಕ್ಕತ್ತೆಗೆ ಮೊದಲು ಕಾಣಿಸುತ್ತದೆ.

ಹೊಟ್ಟೆ ತೋರಿಸಿ ತೆಗೆಸುವುದಾ ಬೇಡವಾ ಅನ್ನುವುದನ್ನೂ ಗಂಡ ಹೆಂಡತಿ ಈಗಲೇ ಮಾತಾಡಿಕೊಳ್ಳಿ. ಶೂಟ್ ಜಾಗದಲ್ಲಿ, ಹೊರಗಿನವರ ಮುಂದೆ ಆ ಚರ್ಚೆ ಚೆನ್ನಾಗಿರುವುದಿಲ್ಲ.

## ಹಂತ 4: ಜಾಗ

ಮೂರು ಪ್ರಶ್ನೆ ಸಾಕು. ಸ್ವಚ್ಛವಾದ ಟಾಯ್ಲೆಟ್ ಎಷ್ಟು ಹೆಜ್ಜೆ ದೂರ? ಬಟ್ಟೆ ಬದಲಾಯಿಸಲು ಬಾಗಿಲು ಹಾಕಿಕೊಳ್ಳುವ ಕೋಣೆ ಇದೆಯಾ? ನಿಮ್ಮ ಆಸ್ಪತ್ರೆಯಿಂದ ಎಷ್ಟು ಹೊತ್ತಿನ ದಾರಿ? ಇದಕ್ಕೆ ಉತ್ತರ ಸರಿಯಿಲ್ಲದಿದ್ದರೆ ಎಷ್ಟೇ ಚೆಂದದ ಜಾಗ ಆಗಲಿ, ಬಿಟ್ಟುಬಿಡಿ.

ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡೂ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ಮೊಬೈಲ್‌ನಲ್ಲಿ ಒಂದೆರಡು ಫೋಟೋ ಬೇರೆ. ದೊಡ್ಡ ಕ್ಯಾಮೆರಾ, ರಿಫ್ಲೆಕ್ಟರ್, ಗೌನ್ ಹಿಡಿದು ಹೋದರೆ ಕಾವಲುಗಾರರು ತಡೆಯುತ್ತಾರೆ. "ಬೆಳಗ್ಗೆ ಬೇಗ ಹೋದರೆ ಯಾರೂ ಕೇಳಲ್ಲ" ಅನ್ನುವ ಫೋಟೋಗ್ರಾಫರ್ ಮಾತು ನಂಬಿ ಹೋಗಬೇಡಿ, ಎಂಟು ತಿಂಗಳ ಬಸುರಿ ಗೇಟ್ ಹತ್ತಿರ ನಿಂತು ವಾದ ಮಾಡುವ ಹಾಗಾಗಬಾರದು. ಅನುಮತಿ ಸಿಗುತ್ತದಾ ಅಂತ ಇಲಾಖೆಯ ಕಚೇರಿಯಲ್ಲೇ ಕೇಳಿ. ಹಂಪಿ, ಸೋಮನಾಥಪುರದಂಥ ಪುರಾತತ್ವ ಇಲಾಖೆಯ ಜಾಗಗಳಲ್ಲೂ ಅಷ್ಟೇ, ಟ್ರೈಪಾಡ್ ಇಟ್ಟರೆ ಅನುಮತಿ ಬೇಕು. ಅಲ್ಲಿನ ಬಂಡೆ, ಎತ್ತರದ ಮೆಟ್ಟಿಲು ಈ ಹೊತ್ತಿಗೆ ಹೇಳಿ ಮಾಡಿಸಿದ್ದಲ್ಲ.

ನಂದಿ ಬೆಟ್ಟ ಬೇಡ. ರಸ್ತೆಯ ತಿರುವುಗಳಲ್ಲೇ ವಾಂತಿ ಬರುತ್ತದೆ, ವಾರಾಂತ್ಯದಲ್ಲಿ ವಾಹನಗಳ ಸಾಲಲ್ಲೇ ಒಳ್ಳೆಯ ಬೆಳಕು ಮುಗಿದುಹೋಗುತ್ತದೆ. ಕಡಲ ತೀರ ಇಷ್ಟ ಇದ್ದರೆ ಮರಳಿನ ಮೇಲೆ ಸರಿ. ಅಲೆಯೊಳಗೆ ಇಳಿಯುವುದು, ಪಾಚಿ ಕಟ್ಟಿದ ಬಂಡೆ ಮೇಲೆ ಹತ್ತುವುದು ಬೇಡ. ಹೊಟ್ಟೆ ಮುಂದೆ ಬಂದಿರುವಾಗ ದೇಹದ ತೂಕ ಹಂಚಿಕೆಯೇ ಬದಲಾಗಿರುತ್ತದೆ, ಬೀಳುವುದು ಸುಲಭ.

ಬೆಂಗಳೂರಿನ ಹೊರವಲಯದಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಶೂಟ್ ಜಾಗಗಳಿವೆ. ಸೌಕರ್ಯ ಇರುತ್ತದೆ, ಆದರೆ ದುಡ್ಡು ಕೊಟ್ಟಿದ್ದೇವಲ್ಲಾ ಅಂತ ಎಲ್ಲಾ ಸೆಟ್‌ಗಳಿಗೂ ಓಡುವುದೇ ಅಲ್ಲಿನ ದೊಡ್ಡ ತಪ್ಪು. ಎರಡೇ ಸೆಟ್ ಆರಿಸಿ. ಅವು ಅಕ್ಕಪಕ್ಕ ಇರಲಿ.

ನಿಜ ಹೇಳಬೇಕೆಂದರೆ ಹಳೆಯ ಮನೆಯ ಜಗುಲಿ, ತೊಟ್ಟಿ, ಕಿಟಕಿ ಪಕ್ಕದ ಮಂಚ ಇವುಗಳ ಮುಂದೆ ಯಾವ ಸೆಟ್ಟೂ ಇಲ್ಲ. ತವರಿನಲ್ಲಿ ಅಂಥ ಮನೆ ಇದ್ದರೆ ಎರಡನೇ ಯೋಚನೆ ಬೇಡ.

ಹೊರಗಾದರೆ ಬೆಳಕು ಸೂರ್ಯ ಹುಟ್ಟಿದ ಮೊದಲ ಗಂಟೆ ಅಥವಾ ಮುಳುಗುವ ಮುಂಚಿನ ಒಂದು ಗಂಟೆ. ಬೆಂಗಳೂರಿನಲ್ಲಿ ಡಿಸೆಂಬರ್‌ನಲ್ಲಿ ಸುಮಾರು 6 ಗಂಟೆಗೇ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ 6.45ರ ಹೊತ್ತಿಗೆ. "ಸಂಜೆ ಐದೂವರೆಗೆ ಸಿಗೋಣ" ಅನ್ನುವುದು ಒಂದು ತಿಂಗಳಲ್ಲಿ ಸರಿ, ಇನ್ನೊಂದರಲ್ಲಿ ತಡ. ಬೆಳಗ್ಗೆ ಹೊತ್ತು ವಾಂತಿ, ಸಂಕಟ ಇನ್ನೂ ಇರುವವರು ಸಂಜೆ ಇಟ್ಟುಕೊಳ್ಳಿ. ಸಂಜೆಗೆ ಕಾಲು ಊದುವವರು ಬೆಳಗ್ಗೆ.

## ಹಂತ 5: ಫೋಟೋಗ್ರಾಫರ್ ಜೊತೆ ಏನೇನು ಮಾತಾಡಬೇಕು

ಮದುವೆ ಫೋಟೋ ಚೆನ್ನಾಗಿ ತೆಗೆಯುವವರೆಲ್ಲಾ ಇದನ್ನೂ ಚೆನ್ನಾಗಿ ತೆಗೆಯುತ್ತಾರೆ ಅಂತೇನಿಲ್ಲ. ಪೇಜಿನಲ್ಲಿರುವ ಆಯ್ದ ಹತ್ತು ಫೋಟೋ ನೋಡಿ ತೀರ್ಮಾನಿಸಬೇಡಿ, ಒಬ್ಬರದೇ ಪೂರ್ತಿ ಆಲ್ಬಮ್ ತೋರಿಸಿ ಅಂತ ಕೇಳಿ. ಅದರಲ್ಲಿ ಬಸುರಿ ಆರಾಮಾಗಿ ಕೂತಿದ್ದಾಳಾ, ಅಥವಾ ಪ್ರತಿ ಫೋಟೋದಲ್ಲೂ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ನಿಂತಿದ್ದಾಳಾ ನೋಡಿ.

ಇವಿಷ್ಟನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಎಷ್ಟು ಎಡಿಟ್ ಮಾಡಿದ ಫೋಟೋ ಕೊಡುತ್ತಾರೆ, ಯಾವಾಗ ಕೊಡುತ್ತಾರೆ. ಆರೋಗ್ಯ ಕೆಟ್ಟು ಮುಂದೂಡಿದರೆ ಅಡ್ವಾನ್ಸ್ ಉಳಿಯುತ್ತದಾ. ಹೆರಿಗೆ ಮೊದಲೇ ಆಗಿಬಿಟ್ಟರೆ ಅದೇ ದುಡ್ಡಿಗೆ ಮಗುವಿನ ಶೂಟ್ ಮಾಡಿಕೊಡುತ್ತಾರಾ. ಹೆಣ್ಣು ಸಹಾಯಕಿ ಬರುತ್ತಾರಾ. ನಿಮ್ಮ ಒಪ್ಪಿಗೆ ಇಲ್ಲದೆ ಫೋಟೋ ಎಲ್ಲೂ ಹಾಕುವುದಿಲ್ಲ ಅನ್ನುವ ಮಾತು.

ಎಡಿಟಿಂಗ್ ಬಗ್ಗೆ ಬಾಯಿ ಬಿಟ್ಟು ಹೇಳಿ. ಹೊಟ್ಟೆ ಮೇಲಿನ ಗೆರೆಗಳು ಇರಲಾ, ಹೋಗಲಾ? ಮುಖದ ಬಣ್ಣ ಬೆಳ್ಳಗೆ ಮಾಡಬೇಡಿ ಅಂತ ಹೇಳಲೇಬೇಕು, ನಮ್ಮಲ್ಲಿ ಕೇಳದೆಯೇ ಮಾಡಿಬಿಡುತ್ತಾರೆ. ಕೈ, ಕತ್ತು ಒಂದು ಬಣ್ಣ, ಮುಖ ಇನ್ನೊಂದು ಬಣ್ಣ ಆಗಿರುವ ಆಲ್ಬಮ್‌ಗಳು ಎಷ್ಟೋ ಮನೆಯ ಬೀರುವಿನಲ್ಲಿವೆ.

ಬಣ್ಣದ ಹೊಗೆ ಬಿಡುವ ಡಬ್ಬಿ, ಸುತ್ತ ಹಚ್ಚಿಟ್ಟ ಸಾಲು ಮೇಣದಬತ್ತಿ, ಎತ್ತರದ ಉಯ್ಯಾಲೆ ಇವನ್ನು ಯಾರಾದರೂ ಹೇಳಿದರೆ ಬೇಡ ಅನ್ನಿ. ಹೊಗೆ ಉಸಿರಾಟಕ್ಕೆ ಕೆಟ್ಟದ್ದು, ನೆಲಕ್ಕೆ ಇಳಿಬಿದ್ದ ಗೌನ್ ಪಕ್ಕ ಬೆಂಕಿ ಅನ್ನುವುದು ಹೇಗೂ ತರವಲ್ಲ.

ವಿದೇಶದಲ್ಲಿರುವ ನೆಂಟರ ವಿಡಿಯೋ ನೋಡಿ "ಗಂಡೋ ಹೆಣ್ಣೋ" ಗುಟ್ಟು ಬಿಚ್ಚುವ ಫೋಟೋ ಕೇಳುವವರಿದ್ದಾರೆ. ಇಲ್ಲಿ ಅದು ಆಗುವುದಿಲ್ಲ. ಭ್ರೂಣದ ಲಿಂಗ ತಿಳಿಸುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಸ್ಕ್ಯಾನಿಂಗ್ ಚಿತ್ರ ಕೈಯಲ್ಲಿ ಹಿಡಿದು ತೆಗೆಸುವುದಾದರೆ ಹೆಸರು, ಆಸ್ಪತ್ರೆ ನಂಬರ್ ಇರುವ ಅಂಚನ್ನು ಮಡಚಿಡಿ.

## ಹಂತ 6: ಬಟ್ಟೆ

ಈಗ ಬಟ್ಟೆ. ವಾರ, ಜಾಗ, ಬೆಳಕು ಗೊತ್ತಾಗಿದೆ, ಆದ್ದರಿಂದ ಬಣ್ಣ ಆರಿಸುವುದು ಸುಲಭ. ಎರಡು ಜೊತೆ ಸಾಕು, ಮೂರು ಅತಿಯಾಯಿತು. ಒಂದೊಂದು ಬದಲಾವಣೆಗೂ ಇಪ್ಪತ್ತು ನಿಮಿಷ ಹೋಗುತ್ತದೆ, ಅದರ ಜೊತೆ ನಿಮ್ಮ ಶಕ್ತಿಯೂ.

ಸೀರೆ. ಗಟ್ಟಿ ಕಂಚಿ ಸೀರೆ ಹೊಟ್ಟೆಯ ಆಕಾರವನ್ನೇ ನುಂಗಿಬಿಡುತ್ತದೆ, ಮುಂದೆ ಡೇರೆ ಕಟ್ಟಿದ ಹಾಗೆ ನಿಲ್ಲುತ್ತದೆ. ಮೈಸೂರು ಸಿಲ್ಕ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಕ್ರೇಪ್ ಆದ್ದರಿಂದ ಮೈಗೆ ಹೊಂದಿಕೊಂಡು ಇಳಿಯುತ್ತದೆ. ಮೆತ್ತಗಿನ ಹತ್ತಿ, ಜಾರ್ಜೆಟ್ ಕೂಡ ಸರಿ. ಇಳಕಲ್ ಸೀರೆಯ ಕೆಂಪು ಸೆರಗು ಫೋಟೋದಲ್ಲಿ ತುಂಬಾ ಚೆನ್ನಾಗಿ ಬರುತ್ತದೆ, ಆದರೆ ಹೊಸದಾಗಿದ್ದರೆ ಒಮ್ಮೆ ನೆನೆಸಿ ಒಣಗಿಸಿ ಗಂಜಿ ಬಿಡಿಸಿ.

ಉಡುವ ಕ್ರಮ ಹೀಗಿರಲಿ. ಒಳಲಂಗದ ಲಾಡಿ ತೆಗೆದು ಅಗಲ ಎಲಾಸ್ಟಿಕ್ ಹಾಕಿಸಿ. ಅದು ಮುಂದೆ ಹೊಟ್ಟೆಯ ಕೆಳಗೆ ಕೂರಲಿ, ಹಿಂದೆ ಮಾಮೂಲಿ ಎತ್ತರದಲ್ಲೇ ಇರಲಿ. ನೆರಿಗೆ ನಾಲ್ಕೈದು ಸಾಕು, ಜಾಸ್ತಿ ಆದಷ್ಟೂ ಹೊಟ್ಟೆಯ ಕೆಳಗೆ ಗಂಟು ಕಾಣುತ್ತದೆ. ಸೆರಗನ್ನು ಸಣ್ಣಗೆ ಮಡಿಸಿ ಭುಜಕ್ಕೆ ಪಿನ್ ಮಾಡಿ, ಹೊಟ್ಟೆಯ ಒಂದು ಬದಿ ತೆರೆದ ಹಾಗೆ ಎಳೆದುಕೊಳ್ಳಿ. ಹೊಟ್ಟೆ ಮೇಲೆ ಪಿನ್ ಬೇಡವೇ ಬೇಡ. ನೆರಿಗೆ ಮೊದಲೇ ಇಸ್ತ್ರಿ ಮಾಡಿ ಪಿನ್ ಹಾಕಿ ಕೊಡುವವರು ಈಗ ಎಲ್ಲಾ ಕಡೆ ಇದ್ದಾರೆ, ಅವರ ಹತ್ತಿರ ಮಾಡಿಸಿಟ್ಟರೆ ಅವತ್ತು ನಿಂತುಕೊಳ್ಳುವ ಹೊತ್ತು ಅರ್ಧ ಉಳಿಯುತ್ತದೆ.

ಬ್ಲೌಸ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಮೂರು ತಿಂಗಳ ಹಿಂದೆ ಆಗುತ್ತಿದ್ದದ್ದು ಈಗ ಆಗುವುದಿಲ್ಲ. ಎರಡು ವಾರ ಮುಂಚೆ ಹಾಕಿ ನೋಡಿ, ಒಳಗೆ ಬಿಟ್ಟಿರುವ ಹೊಲಿಗೆ ಬಿಚ್ಚಿಸಿ. ಬರೀ ಹಾಕಿ ನೋಡಿದರೆ ಸಾಲದು, ಕೂತು ಉಸಿರು ಎಳೆದು ನೋಡಿ.

ಹಸಿರಿನ ಮೇಲೆ ಹಸಿರು. ಸೀಮಂತದ ಹಸಿರು ಸೀರೆ ಉಟ್ಟು ಪಾರ್ಕಿನ ಹುಲ್ಲಿನ ಮೇಲೆ ಕೂತರೆ ಫೋಟೋದಲ್ಲಿ ಮುಖ ಮತ್ತು ಕೈ ಮಾತ್ರ ಉಳಿಯುತ್ತವೆ. ಆ ಸೀರೆ ಇಟ್ಟಿಗೆ ಗೋಡೆ, ಮರದ ಕಂಬ, ಸುಣ್ಣ ಬಳಿದ ಬಿಳಿ ಗೋಡೆ ಮುಂದೆ ಚೆನ್ನ. ಹುಲ್ಲು, ಗಿಡಗಳ ಮಧ್ಯೆ ಅರಿಶಿನ, ಕುಂಕುಮದ ಬಣ್ಣ ಇರಲಿ.

ಬಳೆ, ಉಂಗುರ. ಗಾಜಿನ ಬಳೆಯನ್ನು ಈಗಿನ ಕೈಗೆ ಅಳತೆ ನೋಡಿ ತನ್ನಿ. 2.4 ಹಾಕುತ್ತಿದ್ದವರಿಗೆ 2.6 ಬೇಕಾಗಬಹುದು. ಬಿಗಿ ಉಂಗುರವನ್ನು ಎಣ್ಣೆ ಹಚ್ಚಿ ತೆಗೆದು ಮನೆಯಲ್ಲೇ ಇಡಿ, ಫೋಟೋಗೋಸ್ಕರ ತಿರುಗಿ ತುರುಕಬೇಡಿ.

ಮೊಗ್ಗಿನ ಜಡೆ. ಭಾರ ಇರುತ್ತದೆ, ಒಂದು ಗಂಟೆಯಲ್ಲಿ ಕತ್ತು ನೋಯುತ್ತದೆ. ಹಾಗಾಗಿ ಹಿಂದಿನಿಂದ, ಪಕ್ಕದಿಂದ ಜಡೆ ಕಾಣುವ ಫೋಟೋಗಳನ್ನು ಮೊದಲು ಮುಗಿಸಿ ಬಿಚ್ಚಿಬಿಡಿ. ಮಲ್ಲಿಗೆ ಮೊಗ್ಗು ಸಂಜೆಗೆ ಅರಳುತ್ತದೆ, ಮೊಗ್ಗು ಮೊಗ್ಗಾಗಿಯೇ ಕಾಣಬೇಕಾದರೆ ಬೆಳಗಿನ ಶೂಟ್ ಒಳ್ಳೆಯದು. ಈ ದಿನಗಳಲ್ಲಿ ಕೆಲವರಿಗೆ ಮಲ್ಲಿಗೆ ವಾಸನೆಯೇ ಆಗುವುದಿಲ್ಲ. ಒಂದು ಮೊಳ ಮುಡಿದು ನೋಡಿ ಆಮೇಲೆ ಹೂವಾಡಿಗರಿಗೆ ಹೇಳಿ.

ಬಾಡಿಗೆ ಗೌನ್. ಫೋಟೋ ನೋಡಿ ಆರ್ಡರ್ ಮಾಡಬೇಡಿ, ಹೋಗಿ ಹಾಕಿ ನೋಡಿ. ಒಗೆದು ಕೊಡುತ್ತಾರಾ, ಠೇವಣಿ ಯಾವಾಗ ವಾಪಸ್, ಅಂಚು ಮಣ್ಣಾದರೆ ಎಷ್ಟು ಹಿಡಿಯುತ್ತಾರೆ ಕೇಳಿ. ಉದ್ದ ಬಾಲದ ಗೌನ್ ಆದರೆ ಬಾಲ ಹಾರಿಸಲು ಒಬ್ಬರು ಬೇಕು, ಫೋಟೋಗ್ರಾಫರ್ ಒಬ್ಬರೇ ಬರುವುದಾದರೆ ಅದು ಗಂಡನ ತಲೆಗೆ ಬರುತ್ತದೆ. ಅವನು ಬಾಲ ಹಿಡಿದುಕೊಂಡಿದ್ದರೆ ಫೋಟೋದಲ್ಲಿ ನಿಲ್ಲುವವರು ಯಾರು?

ಒಳ ಉಡುಪು. ಮೈ ಬಣ್ಣದ್ದು, ಹೊಲಿಗೆ ಅಂಚು ಕಾಣದ್ದು. ಬಿಳಿ ಗೌನ್ ಒಳಗೆ ಬಿಳಿ ಹಾಕಿದರೆ ಎದ್ದು ಕಾಣುತ್ತದೆ.

ಗಂಡನ ಬಟ್ಟೆ. ಹೆಂಡತಿಗೆ ಮ್ಯಾಚ್ ಆಗುವ ಅದೇ ಬಣ್ಣದ ಅಂಗಿ ಬೇಡ, ಬ್ಯಾಂಡ್‌ಸೆಟ್ ಥರ ಕಾಣುತ್ತದೆ. ಬಿಳಿ ಪಂಚೆ, ತಿಳಿ ಬಣ್ಣದ ಅಂಗಿ ಯಾವ ಸೀರೆಗೂ ಆಗುತ್ತದೆ. ಜೇಬಿನಲ್ಲಿ ಮೊಬೈಲ್, ಕಾರ್ ಕೀ ಇರಬಾರದು. ಮಣಿಕಟ್ಟಿನ ಸ್ಮಾರ್ಟ್‌ವಾಚ್ ತೆಗೆಸಿ, ಯಾಕೆಂದರೆ ಹೆಚ್ಚಿನ ಫೋಟೋಗಳಲ್ಲಿ ಆ ಕೈ ನಿಮ್ಮ ಹೊಟ್ಟೆಯ ಮೇಲೆಯೇ ಇರುತ್ತದೆ. ಕೈ ಉಗುರು ಕತ್ತರಿಸಿಕೊಂಡಿದ್ದಾರಾ ನೋಡಿ.

## ಹಂತ 7: ಹಿಂದಿನ ವಾರ

ಹೊಸದೇನನ್ನೂ ಶುರು ಮಾಡಬೇಡಿ. ಬಸುರಿಯಲ್ಲಿ ಚರ್ಮ ಸೂಕ್ಷ್ಮ, ಮೊದಲು ಆಗುತ್ತಿದ್ದ ಕ್ರೀಮೇ ಈಗ ಕೆಂಪಗೆ ಮಾಡಬಹುದು. ಫೇಶಿಯಲ್, ವ್ಯಾಕ್ಸಿಂಗ್ ಬೇಕೆಂದರೆ ಐದಾರು ದಿನ ಮುಂಚೆ ಮುಗಿಯಲಿ. ರೆಟಿನಾಲ್ ಇರುವ ಕ್ರೀಮ್ ಬಸುರಿಯಲ್ಲಿ ಬೇಡ ಅನ್ನುವುದು ಡಾಕ್ಟರ್‌ಗಳು ಹೇಳುವ ಮಾತು, ಪಾರ್ಲರ್‌ನಲ್ಲಿ ಏನು ಹಚ್ಚುತ್ತಿದ್ದಾರೆ ಅಂತ ಕೇಳಿ.

ಮದರಂಗಿ ಒಂದೆರಡು ದಿನ ಮುಂಚೆ ಹಚ್ಚಿ, ಬಣ್ಣ ಏರಲು ಅಷ್ಟು ಹೊತ್ತು ಬೇಕು. ಅರ್ಧ ಗಂಟೆಯಲ್ಲಿ ಕಪ್ಪಾಗುವ "ಕಪ್ಪು ಮೆಹಂದಿ" ಕೋನ್ ಮುಟ್ಟಬೇಡಿ. ಅದರಲ್ಲಿ ಕೂದಲಿನ ಬಣ್ಣಕ್ಕೆ ಬಳಸುವ ರಾಸಾಯನಿಕ ಇರುತ್ತದೆ, ಗುಳ್ಳೆ ಏಳಬಹುದು.

ಹೊಟ್ಟೆಗೆ ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರೆ ಒಳ್ಳೆಯದೇ. ಶೂಟ್ ದಿನ ಮಾತ್ರ ಬೇಡ, ಬೆಳಕು ಬಿದ್ದು ಮಿಂಚುತ್ತದೆ, ರೇಷ್ಮೆಗೂ ಕಲೆ ಆಗುತ್ತದೆ.

ಈ ವಾರದಲ್ಲೇ ಒಮ್ಮೆ ಪೂರ್ತಿ ಸೀರೆ ಉಟ್ಟು, ಬಳೆ ತೊಟ್ಟು ಮನೆಯಲ್ಲಿ ಹತ್ತು ನಿಮಿಷ ಓಡಾಡಿ, ಮೊಬೈಲ್‌ನಲ್ಲಿ ಪಕ್ಕದಿಂದ ಒಂದು ಫೋಟೋ ತೆಗೆಸಿ. ಏನು ಜಾರುತ್ತದೆ, ಏನು ಚುಚ್ಚುತ್ತದೆ ಅನ್ನುವುದು ಆಗಲೇ ಗೊತ್ತಾಗುತ್ತದೆ.

## ಹಂತ 8: ಚೀಲ

ಹಿಂದಿನ ರಾತ್ರಿ ತುಂಬಿ, ಬಾಗಿಲ ಹತ್ತಿರ ಇಡಿ.

- ತಾಯಿ ಕಾರ್ಡ್, ಆಸ್ಪತ್ರೆ ಫೈಲ್, ಆ ಹೊತ್ತಿನ ಮಾತ್ರೆ
- ನೀರು, ಮಜ್ಜಿಗೆ ಅಥವಾ ರಾಗಿ ಅಂಬಲಿ, ಬಾಳೆಹಣ್ಣು, ಹುರಿಗಡಲೆ
- ಚಪ್ಪಟೆ ಚಪ್ಪಲಿ, ಸೆಟ್‌ನಿಂದ ಸೆಟ್‌ಗೆ ನಡೆಯಲು
- ಸೇಫ್ಟಿ ಪಿನ್, ಸೂಜಿ ದಾರ, ಹೆಚ್ಚುವರಿ ಬಿಂದಿ, ಟಿಶ್ಯೂ
- ಚಿಕ್ಕ ಟವೆಲ್, ಕೈ ಬೀಸಣಿಗೆ, ಒಂದು ದಿಂಬು
- ಹಳೆಯ ಬೆಡ್‌ಶೀಟ್, ನೆಲದ ಮೇಲೆ ಕೂರುವಾಗ ಬಟ್ಟೆಯ ಕೆಳಗೆ ಹಾಸಲು

ದೊಡ್ಡ ಮಗು ಇದ್ದರೆ ಅದಕ್ಕೆ ಬೇರೆಯೇ ತಿಂಡಿ ಚೀಲ. ಅದರ ಜೊತೆ ನೋಡಿಕೊಳ್ಳುವವರೂ ಒಬ್ಬರು ಬರಲಿ, ನೀವು ಎತ್ತಿಕೊಂಡು ಓಡಾಡುವ ಸಮಯ ಇದಲ್ಲ.

## ಹಂತ 9: ಶೂಟ್ ದಿನ

ಹೊರಡುವ ಒಂದು ಗಂಟೆ ಮೊದಲು ಹಿತಮಿತವಾಗಿ ತಿನ್ನಿ. ಹೊಟ್ಟೆ ದಪ್ಪ ಕಾಣಬಾರದು ಅಂತ ಉಪವಾಸ ಇರುವವರಿದ್ದಾರೆ, ಹೊಟ್ಟೆ ಕಾಣಲಿ ಅಂತಲೇ ಅಲ್ವಾ ಹೋಗುತ್ತಿರುವುದು! ಎರಡು ಮೂರು ಗಂಟೆ ಮುಂಚಿನಿಂದಲೇ ಸಡಿಲ ನೈಟಿ ಹಾಕಿಕೊಂಡಿರಿ. ಎಲಾಸ್ಟಿಕ್ ಗುರುತು ಚರ್ಮದ ಮೇಲಿಂದ ಬೇಗ ಹೋಗುವುದಿಲ್ಲ, ಹೊಟ್ಟೆ ತೋರಿಸುವ ಫೋಟೋದಲ್ಲಿ ಅದೊಂದೇ ಕಾಣುತ್ತದೆ.

ಕಷ್ಟದ್ದು ಮೊದಲು, ಸುಲಭದ್ದು ಕೊನೆಗೆ. ನಿಂತು ತೆಗೆಸುವುದು, ಭಾರದ ಸೀರೆ, ಒಡವೆ, ಜಡೆ ಇವು ಮೊದಲ ಅರ್ಧ ಗಂಟೆಯಲ್ಲಿ. ಆಮೇಲೆ ಕೂತು. ಕೊನೆಗೆ ಹಗುರ ಬಟ್ಟೆಯಲ್ಲಿ ಪಕ್ಕಕ್ಕೆ ಒರಗಿ. ಅತ್ತೆ, ಅಮ್ಮ, ಮಗು ಎಲ್ಲಾ ಇರುವ ಗುಂಪು ಫೋಟೋ ಶುರುವಿನಲ್ಲೇ ಮುಗಿಸಿ ಅವರನ್ನು ಕಾಫಿಗೆ ಕಳಿಸಿ. ಹತ್ತು ಜೊತೆ ಕಣ್ಣುಗಳ ಮುಂದೆ ಗಂಡ ಹೆಂಡತಿ ಸಹಜವಾಗಿ ನಿಲ್ಲುವುದು ಆಗದ ಮಾತು.

ನಿಲ್ಲುವ ಬಗೆ ಇಷ್ಟೇ. ಕ್ಯಾಮೆರಾಕ್ಕೆ ನೇರ ಎದುರಾಗಬೇಡಿ, ಸ್ವಲ್ಪ ಓರೆಯಾಗಿ ನಿಲ್ಲಿ. ತೂಕ ಹಿಂದಿನ ಕಾಲಿಗೆ ಬಿಟ್ಟು, ಕ್ಯಾಮೆರಾ ಕಡೆಯ ಮೊಣಕಾಲು ಸ್ವಲ್ಪ ಮಡಿಸಿ. ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೆಳಗೆ. ಬೆರಳು ಬಿಗಿ ಹಿಡಿಯಬೇಡಿ. ಮೊಣಕೈ ಮೈಗೆ ಅಂಟಿದರೆ ತೋಳು ದಪ್ಪ ಕಾಣುತ್ತದೆ, ಸ್ವಲ್ಪ ಗಾಳಿ ಬಿಡಿ. ಗಂಡನ ಕೈ ಹೊಟ್ಟೆ ಹಿಡಿಯುವ ಬದಲು ನಿಮ್ಮ ಕೈಯ ಮೇಲೆ ಹಗುರವಾಗಿ ಇರಲಿ. ಇಬ್ಬರೂ ಪ್ರತಿ ಫೋಟೋದಲ್ಲೂ ಹೊಟ್ಟೆಯನ್ನೇ ನೋಡುತ್ತಿದ್ದರೆ ಬೇಸರ, ಒಬ್ಬರನ್ನೊಬ್ಬರು ನೋಡಿ ಏನಾದರೂ ಮಾತಾಡಿ.

ಬೆನ್ನ ಮೇಲೆ ಅಂಗಾತ ಮಲಗಿಸಿ ಮೇಲಿನಿಂದ ತೆಗೆಯುವ ಫೋಟೋ ಈಗ ಜೋರಾಗಿದೆ. ತುಂಬಿದ ಗರ್ಭಕೋಶ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳವನ್ನು ಒತ್ತುತ್ತದೆ, ತಲೆ ಸುತ್ತು, ಬೆವರು ಬರಬಹುದು. ಎಡಕ್ಕೆ ಒರಗಿ, ಬೆನ್ನ ಹಿಂದೆ ದಿಂಬು ಇಟ್ಟುಕೊಂಡರೆ ಹೆಚ್ಚುಕಡಿಮೆ ಅದೇ ಥರದ ಫೋಟೋ ಸಿಗುತ್ತದೆ. ನೆಲದಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಮಂಡಿಯ ಮೇಲೆ ಬಂದು, ಕೈ ಹಿಡಿದು ಏಳಿ.

ಇಪ್ಪತ್ತು ನಿಮಿಷಕ್ಕೊಮ್ಮೆ ಕೂತುಕೊಳ್ಳಿ. ಫೋಟೋಗ್ರಾಫರ್ "ಬೆಳಕು ಹೋಗ್ತಿದೆ ಮೇಡಂ" ಅಂದರೂ ಸರಿ. ಒಟ್ಟು ಒಂದೂವರೆ ಗಂಟೆ, ಬಹಳ ಆಯಿತೆಂದರೆ ಎರಡು.

## ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಜೊತೆಗೆ ಬರುವವರೆಲ್ಲರಿಗೂ ಇವು ಗೊತ್ತಿರಲಿ. ರಕ್ತ ಕಾಣಿಸುವುದು, ನೀರು ಸೋರಿದಂತಾಗುವುದು, ಹೊಟ್ಟೆ ಮತ್ತೆ ಮತ್ತೆ ಒಂದೇ ಅಂತರದಲ್ಲಿ ಗಟ್ಟಿಯಾಗಿ ನೋಯುವುದು, ಮಗುವಿನ ಚಲನೆ ಕಡಿಮೆಯಾದಂತೆ ಅನಿಸುವುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಇದ್ದಕ್ಕಿದ್ದ ಹಾಗೆ ಊದುವುದು ರಕ್ತದೊತ್ತಡ ಏರಿರುವ ಸೂಚನೆ ಆಗಿರಬಹುದು.

ಇವುಗಳಲ್ಲಿ ಒಂದು ಕಂಡರೂ "ಇನ್ನೊಂದೇ ಒಂದು ಫೋಟೋ" ಬೇಡ. ಡಾಕ್ಟರ್‌ಗೆ ಫೋನ್ ಮಾಡಿ, ಸೀದಾ ಆಸ್ಪತ್ರೆಗೆ. ಗಾಡಿ ಇಲ್ಲದಿದ್ದರೆ 108. ಬರೀ ತಲೆ ಸುತ್ತಿದರೆ ಎಡಕ್ಕೆ ಒರಗಿ ನೀರು ಕುಡಿಯಿರಿ. ಹಾಗೂ ಕಡಿಮೆ ಆಗದಿದ್ದರೆ ಅದಕ್ಕೂ ಆಸ್ಪತ್ರೆಯೇ.

## ಮನೆಯಲ್ಲೇ ಮೊಬೈಲ್‌ನಲ್ಲಿ ತೆಗೆಯುವವರಿಗೆ

ದುಡ್ಡು ಉಳಿಸಲು ಅಂತ ಅಲ್ಲದಿದ್ದರೂ ಇದು ಒಳ್ಳೆಯ ದಾರಿ. ದೊಡ್ಡ ಕಿಟಕಿ ಇರುವ ಕೋಣೆ ಆರಿಸಿ, ನೇರ ಬಿಸಿಲು ಬೀಳದ ಹೊತ್ತು ನೋಡಿ. ಟ್ಯೂಬ್‌ಲೈಟ್ ಆಫ್ ಮಾಡಿ, ಎರಡು ಬೆಳಕು ಸೇರಿದರೆ ಮುಖ ಹಳದಿ ನೀಲಿ ಆಗುತ್ತದೆ. ಕಿಟಕಿಗೆ ಪಕ್ಕವಾಗಿ ನಿಲ್ಲಿ. ಎದುರು ಬದಿಗೆ ಬಿಳಿ ಪಂಚೆಯೊಂದನ್ನು ಕುರ್ಚಿ ಮೇಲೆ ಹರಡಿದರೆ ನೆರಳಿನ ಬದಿಗೂ ಬೆಳಕು ಬರುತ್ತದೆ.

ಲೆನ್ಸ್ ಒರೆಸಿ. ಹತ್ತಿರ ಬಂದು ತೆಗೆಯಬೇಡಿ, ಹಿಂದೆ ಸರಿದು 2 ಪಟ್ಟು ಜೂಮ್ ಇಟ್ಟರೆ ಆಕಾರ ಹಿಗ್ಗುವುದಿಲ್ಲ. ಮೊಬೈಲ್ ಎದೆಯ ಮಟ್ಟದಲ್ಲಿರಲಿ. ಪೋರ್ಟ್ರೇಟ್ ಮೋಡ್ ಕೆಲವೊಮ್ಮೆ ಬಳೆ, ಕೂದಲಿನ ಅಂಚು ತಿಂದುಹಾಕುತ್ತದೆ, ಹಾಗಾಗಿ ಮಾಮೂಲಿ ಮೋಡ್‌ನಲ್ಲೂ ತೆಗೆದಿಡಿ. ಇಬ್ಬರೂ ಬರಬೇಕಾದರೆ ಟ್ರೈಪಾಡ್, 10 ಸೆಕೆಂಡ್ ಟೈಮರ್. ಹಿಂದೆ ಒಣಗಲು ಹಾಕಿದ ಬಟ್ಟೆ, ಗ್ಯಾಸ್ ಸಿಲಿಂಡರ್, ಚಾರ್ಜರ್ ವೈರ್ ಇದೆಯಾ ಅಂತ ಮೊದಲೇ ನೋಡಿ.

## ಹಂತ 10: ಮುಗಿದ ಮೇಲೆ

ಅವತ್ತೇ ಕಾಲು ಎತ್ತರಕ್ಕೆ ಇಟ್ಟು ಮಲಗಿ. ಮಾರನೇ ದಿನ ಫೋಟೋ ಆರಿಸಲು ಕೂರಬೇಡಿ, ಸುಸ್ತಿನಲ್ಲಿ ಎಲ್ಲಾ ಕೆಟ್ಟದಾಗಿಯೇ ಕಾಣುತ್ತವೆ. ಆದರೆ ಹೆರಿಗೆಗೆ ಮೊದಲು ಆರಿಸಿ ಕೊಟ್ಟುಬಿಡಿ. ಮಗು ಬಂದ ಮೇಲೆ ಆ ಕೆಲಸ ತಿಂಗಳುಗಟ್ಟಲೆ ನಿಲ್ಲುತ್ತದೆ, ಅಷ್ಟರಲ್ಲಿ ಸ್ಟುಡಿಯೋದವರು ಫೈಲ್ ಅಳಿಸಿರಬಹುದು. ಎಷ್ಟು ದಿನ ಇಟ್ಟಿರುತ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಡ್ರೈವ್ ಲಿಂಕ್ ಬಂದರೆ ಇಳಿಸಿಕೊಂಡು ಎರಡು ಕಡೆ ಇಡಿ. ಬಾಡಿಗೆ ಗೌನ್ ವಾಪಸ್ ಕೊಡುವಾಗ ಅಂಚಿನ ಫೋಟೋ ತೆಗೆದುಕೊಂಡು ಠೇವಣಿ ಅಲ್ಲೇ ಕೇಳಿ ಪಡೆಯಿರಿ. ರೇಷ್ಮೆ ಸೀರೆಯ ಪಿನ್‌ಗಳನ್ನು ಅವತ್ತು ರಾತ್ರಿಯೇ ತೆಗೆಸಿ, ಬೆವರಿನ ಜೊತೆ ತುಕ್ಕಿನ ಕಲೆ ಹಿಡಿದರೆ ಹೋಗುವುದಿಲ್ಲ.